ನಿಲ್ಲಿಸುವುದು ಟೈರು, ಬೇಯುವುದು ಬ್ರೇಕು

ಡಾಟ್ಸನ್ 240ಝಡ್ ಕಾರಿನ ಎಂಜಿನ್ನಿಗೆ 151 ಅಶ್ವಶಕ್ತಿ. ಆ ಕಾರಿನ ಬಗ್ಗೆ ಬರೆದವರೆಲ್ಲ ಈ ಅಂಕಿಯನ್ನು ತಪ್ಪದೆ ಹೇಳುತ್ತಾರೆ. ಅದರ ಬ್ರೇಕಿಗೆ ಎಷ್ಟು ಅಶ್ವಶಕ್ತಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿ ನೋಡೋಣ. ಚಾಲಕನೂ ಸೇರಿ 1,200 ಕಿಲೋ ತೂಗುವ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿ ಓಡುತ್ತಿದೆ ಎನ್ನಿ. ಆಗ ಅದರಲ್ಲಿ ಸುಮಾರು 460 ಕಿಲೋಜೂಲ್ ಚಲನಶಕ್ತಿ ತುಂಬಿರುತ್ತದೆ. ಒಣ ರಸ್ತೆ, ಒಳ್ಳೆಯ ಟೈರು ಇದ್ದು ಪೆಡಲನ್ನು ಬಲವಾಗಿ ತುಳಿದರೆ ಮೂರು ಸೆಕೆಂಡಿನಲ್ಲಿ ಗಾಡಿ ನಿಲ್ಲುತ್ತದೆ. 460ನ್ನು ಮೂರರಿಂದ ಭಾಗಿಸಿ ಅಶ್ವಶಕ್ತಿಗೆ ತಿರುಗಿಸಿದರೆ ಸರಾಸರಿಯೇ 200 ದಾಟುತ್ತದೆ. ಪೆಡಲು ತುಳಿದ ಮೊದಲ ಗಳಿಗೆಯಲ್ಲಂತೂ ಅದರ ಇಮ್ಮಡಿ. ಎಂಜಿನ್ನು ಎಂಟೊಂಬತ್ತು ಸೆಕೆಂಡು ಗುಟುರು ಹಾಕಿ ಕೂಡಿಟ್ಟದ್ದನ್ನು ಬ್ರೇಕು ಮೂರೇ ಸೆಕೆಂಡಿನಲ್ಲಿ ಕರಗಿಸಿಬಿಡುತ್ತದೆ.

ಕರಗಿದ ಶಕ್ತಿ ಎಲ್ಲಿಗೂ ಹೋಗುವುದಿಲ್ಲ, ಶಾಖವಾಗಿ ಅಲ್ಲೇ ಕೂರುತ್ತದೆ. ಆ 460 ಕಿಲೋಜೂಲಿನಲ್ಲಿ ಹತ್ತಿರಹತ್ತಿರ ಒಂದೂವರೆ ಲೀಟರ್ ನೀರನ್ನು ಕುದಿಯುವವರೆಗೆ ಕಾಯಿಸಬಹುದು. ಮನೆಮಂದಿಗೆಲ್ಲ ಕಾಫಿ ಆಗುತ್ತದೆ.

ಈ ಕಾರನ್ನೇ ಉದಾಹರಣೆಗೆ ಆರಿಸಿಕೊಂಡದ್ದಕ್ಕೆ ಕಾರಣವಿದೆ. 1969ರ ಕೊನೆಗೆ ಜಪಾನಿನಲ್ಲಿ ನಿಸಾನ್ ಕಂಪನಿ ಹೊರತಂದ, ಅಮೆರಿಕದಲ್ಲಿ ಡಾಟ್ಸನ್ 240ಝಡ್ ಎಂಬ ಹೆಸರಿನಲ್ಲಿ ಮಾರಿದ ಈ ಎರಡು ಸೀಟಿನ ಕಾರು ಇವತ್ತು ಹಳೆಯ ಕಾರುಗಳ ಪ್ರೇಮಿಗಳಿಗೆ ಅಚ್ಚುಮೆಚ್ಚು. ಉದ್ದ ಮೂಗು, ಮೋಟು ಹಿಂಭಾಗ, ಸಾಲಾಗಿ ಆರು ಸಿಲಿಂಡರು. ಉಗಾಂಡದಲ್ಲಿ ಹುಟ್ಟಿದ ಭಾರತೀಯ ಮೂಲದ ಶೇಖರ್ ಮೆಹ್ತಾ 1973ರ ಪೂರ್ವ ಆಫ್ರಿಕಾದ ಸಫಾರಿ ರ‍್ಯಾಲಿಯನ್ನು ಗೆದ್ದದ್ದು ಇದೇ ಕಾರಿನಲ್ಲಿ. ಮುಂದೆ ಬೇರೆ ಡಾಟ್ಸನ್‌ಗಳಲ್ಲಿ ಇನ್ನೂ ನಾಲ್ಕು ಸಲ ಗೆದ್ದ ಆತನ ಮೊದಲ ಗೆಲುವು ಅದು. ಇಂಥ ಕಾರನ್ನು ಕೊಂಡು, ತುಕ್ಕು ಕೆರೆದು, ಎಂಜಿನ್ನಿಗೆ ಇನ್ನಷ್ಟು ಕಸುವು ತುಂಬಿದವರಿಗೆ ಒಂದು ದಿನ ಅನ್ನಿಸುತ್ತದೆ: ಓಡುವುದೇನೋ ಸರಿ, ನಿಲ್ಲುವುದು? ಆಗ ಶುರುವಾಗುತ್ತದೆ ಬ್ರೇಕಿನ ಶಾಪಿಂಗು.

ಕಾರ್ಖಾನೆಯಿಂದ ಬಂದ ಝಡ್ ಕಾರಿಗೆ ಮುಂದೆ ಸುಮಾರು 27 ಸೆಂಟಿಮೀಟರ್ ವ್ಯಾಸದ ಗಟ್ಟಿ ಡಿಸ್ಕು, ಎರಡೂ ಬದಿಯಿಂದ ಪ್ಯಾಡು ಒತ್ತಿ ಅದನ್ನು ಅಮುಕಲು ಎರಡು ಪಿಸ್ಟನ್ನಿನ ಕ್ಯಾಲಿಪರ್ ಎಂಬ ಇಕ್ಕಳ. ಹಿಂದೆ, ಒಳಗಿನಿಂದ ಶೂಗಳು ಒತ್ತುವ ಡ್ರಮ್ಮು. ಅರ್ಧ ಶತಮಾನದ ಹಿಂದೆ ಇದು ಒಳ್ಳೆಯ ವ್ಯವಸ್ಥೆಯೇ. ಇವತ್ತು ಅಂಗಡಿಯಲ್ಲಿ ನಾಲ್ಕು ಪಿಸ್ಟನ್ನು, ಆರು ಪಿಸ್ಟನ್ನು, ತೂತು ಕೊರೆದ ಡಿಸ್ಕು, ಕೆಂಪು ಬಣ್ಣ ಬಳಿದ ಕ್ಯಾಲಿಪರು ಎಲ್ಲ ಸಿಗುತ್ತವೆ. ಚಕ್ರದ ಕಿಂಡಿಯಿಂದ ಇಣುಕುವ ಆ ಕೆಂಪು ಚೆಂದವೇ. ನನಗೂ ಇಷ್ಟ. ಆದರೆ ದುಡ್ಡು ಬಿಚ್ಚುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಬೇಕು. ಖಾಲಿ ಜಾಗದಲ್ಲಿ, ಮಿತವಾದ ವೇಗದಲ್ಲಿ, ತಣ್ಣಗಿರುವ ಬ್ರೇಕನ್ನು ಪೂರ್ತಿ ತುಳಿಯಿರಿ. ಚಕ್ರ ತಿರುಗುವುದನ್ನು ನಿಲ್ಲಿಸಿ ಜಾರುತ್ತದೆಯೇ? ಜಾರಿದರೆ ಬ್ರೇಕಿನ ಬಲ ಈಗಾಗಲೇ ಟೈರಿನ ಹಿಡಿತವನ್ನು ಮೀರಿದೆ ಎಂದೇ ಲೆಕ್ಕ. ಅದಕ್ಕಿಂತ ದೊಡ್ಡ ಬ್ರೇಕು ತಂದು ಕೂರಿಸಿದರೆ ಚಕ್ರ ಇನ್ನೂ ಬೇಗ ಜಾರುತ್ತದೆ, ಅಷ್ಟೆ. ಒಂದು ಸಲ ನಿಲ್ಲುವ ದೂರ ಒಂದು ಮೊಳವೂ ಕಡಿಮೆಯಾಗದು.

ಬ್ರೇಕು ಚಕ್ರವನ್ನು ಹಿಡಿಯುತ್ತದೆ. ಕಾರನ್ನು ಹಿಡಿಯುವುದು ರಸ್ತೆಯ ಮೇಲೆ ಊರಿದ, ಅಂಗೈಯಷ್ಟಗಲದ ನಾಲ್ಕು ರಬ್ಬರಿನ ತುಂಡು. ಝಡ್ ಕಾರು ಹುಟ್ಟಿದಾಗ ಅದಕ್ಕಿದ್ದದ್ದು 175 ಮಿಲಿಮೀಟರ್ ಅಗಲದ ಟೈರು. ಹಳೆಯ ಕಾರುಗಳಲ್ಲಿ ಇನ್ನೊಂದು ತೊಂದರೆ: ವರ್ಷಕ್ಕೆ ಸಾವಿರ ಕಿಲೋಮೀಟರೂ ಓಡದ ಗಾಡಿಯ ಟೈರಿನ ಗೆರೆಗಳು ಹೊಸದರಂತೆಯೇ ಕಾಣುತ್ತವೆ, ರಬ್ಬರು ಮಾತ್ರ ಒಳಗೊಳಗೇ ಒಣಗಿ ಹಲಗೆಯಾಗಿರುತ್ತದೆ. ಹಾಗಾಗಿ ನಿಲ್ಲುವ ದೂರವನ್ನು ಕಡಿಮೆ ಮಾಡಬೇಕೆಂದರೆ ಮೊದಲು ಹೋಗಬೇಕಾದದ್ದು ಟೈರಿನ ಅಂಗಡಿಗೆ. ಬ್ರೇಕ್ ಕಿಟ್ ಮಾರುವವರು ಈ ಮಾತನ್ನು ಮೊದಲು ಹೇಳುವುದಿಲ್ಲ. ಹೇಳಿದರೆ ವ್ಯಾಪಾರ ನಡೆಯಬೇಕಲ್ಲ.

ಹಾಗಾದರೆ ದೊಡ್ಡ ಬ್ರೇಕು ಸುಮ್ಮನೆಯೇ? ಅಲ್ಲ. ಒಂದು ಸಲ ನಿಲ್ಲುವುದರಲ್ಲಿ ಅದರ ಮಹತ್ವ ತಿಳಿಯುವುದಿಲ್ಲ, ಹತ್ತನೆಯ ಸಲದಲ್ಲಿ ತಿಳಿಯುತ್ತದೆ. ಮುಂದಿನ ಡಿಸ್ಕಿನಲ್ಲಿ ಪ್ಯಾಡು ಉಜ್ಜುವ ಭಾಗ ಹೆಚ್ಚೆಂದರೆ ಮೂರ್ನಾಲ್ಕು ಕಿಲೋ ಎರಕದ ಕಬ್ಬಿಣ. ಬ್ರೇಕು ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ಬಾಗುವುದರಿಂದ ಶಾಖದಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮುಂದಿನ ಜೋಡಿಯ ಪಾಲು. ಲೆಕ್ಕ ಹಾಕಿದರೆ 100 ಕಿ.ಮೀ. ವೇಗದಿಂದ ಒಂದೇ ಸಲ ನಿಂತರೂ ಆ ಕಬ್ಬಿಣ ನೂರು ಡಿಗ್ರಿಯ ಆಸುಪಾಸು ಬಿಸಿ ಏರುತ್ತದೆ. 160ರಿಂದ ನಿಂತರೆ ಇನ್ನೂರೈವತ್ತರ ಹತ್ತಿರ, ಏಕೆಂದರೆ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಆರಲು ಬಿಡದೆ ಮತ್ತೆ ಮತ್ತೆ ತುಳಿದರೆ ಒಂದರ ಮೇಲೊಂದು ಕೂಡಿಕೊಳ್ಳುತ್ತ ಹೋಗುತ್ತದೆ.

ಆಗುಂಬೆಯನ್ನೋ ಚಾರ್ಮಾಡಿಯನ್ನೋ ಇಳಿದವರಿಗೆ ಇದರ ವಾಸನೆ ಗೊತ್ತು. 1,200 ಕಿಲೋ ಗಾಡಿ 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಸುಮಾರು ಅರವತ್ತು ಲಕ್ಷ ಜೂಲ್ ಬಿಟ್ಟುಕೊಡುತ್ತದೆ. 100 ಕಿ.ಮೀ. ವೇಗದಿಂದ ಹನ್ನೆರಡು ಹದಿಮೂರು ಸಲ ನಿಂತಷ್ಟು ಶಾಖ ಅದು. ಎರಡನೇ ಗೇರಿನಲ್ಲಿ ಇಳಿದರೆ ಇದರಲ್ಲಿ ದೊಡ್ಡ ಪಾಲನ್ನು ಎಂಜಿನ್ನು ಹೊರುತ್ತದೆ. ಪೆಟ್ರೋಲ್ ಉಳಿಸುತ್ತೇನೆಂದು ನ್ಯೂಟ್ರಲ್ ಮಾಡಿಕೊಂಡು ಇಳಿಯುವವನ ಬ್ರೇಕು ಇಡೀ ಹೊರೆಯನ್ನು ಒಂಟಿಯಾಗಿ ಹೊರುತ್ತದೆ.

ಬಿಸಿಯಾದ ಬ್ರೇಕು ಕೈಕೊಡುವುದು ಎರಡು ಬಗೆಯಲ್ಲಿ. ಪ್ಯಾಡಿನ ವಸ್ತು ತನ್ನ ಮಿತಿ ಮೀರಿ ಕಾದಾಗ ಘರ್ಷಣೆ ಇಳಿಯುತ್ತದೆ. ಪೆಡಲು ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಎರಡನೆಯದು ಇದಕ್ಕಿಂತ ಭಯಾನಕ: ಶಾಖ ಪಿಸ್ಟನ್ನಿನ ಮೂಲಕ ಹಾದು ಬ್ರೇಕ್ ಆಯಿಲನ್ನು ಕುದಿಸುತ್ತದೆ. ದ್ರವವನ್ನು ಅಮುಕಲಾಗದು, ಆವಿಯನ್ನು ಅಮುಕಬಹುದು. ಪೆಡಲು ಸೀದಾ ನೆಲಕ್ಕೆ ಹೋಗುತ್ತದೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕೇ ಇದ್ದ ಕಾಲದಲ್ಲಿ ಇನ್ನೂ ಒಂದು ತಾಪತ್ರಯವಿತ್ತು. ಡ್ರಮ್ಮು ಕಾದು ಹಿಗ್ಗಿದರೆ ಒಳಗಿನ ಶೂಗಳಿಂದ ದೂರ ಸರಿಯುತ್ತದೆ. ಡಿಸ್ಕು ಕಾದು ದಪ್ಪಗಾದರೆ ಪ್ಯಾಡಿನ ಕಡೆಗೇ ಬರುತ್ತದೆ. 1902ರಲ್ಲೇ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದರೂ ತಾಮ್ರದ ಪ್ಯಾಡುಗಳ ಕಿರುಚಾಟ ಯಾರಿಗೂ ಬೇಕಾಗಲಿಲ್ಲ. ಅದರ ಬೆಲೆ ಲೋಕಕ್ಕೆ ತಿಳಿದದ್ದು 1953ರಲ್ಲಿ, ಡನ್‌ಲಪ್ ಡಿಸ್ಕ್ ಹಾಕಿಕೊಂಡ ಜಾಗ್ವಾರ್ ಸಿ-ಟೈಪ್ ಫ್ರಾನ್ಸಿನ ಲ ಮಾನ್ 24 ಗಂಟೆಯ ಓಟವನ್ನು ಗೆದ್ದಾಗ. ಆ ಓಟದ ಸರಾಸರಿ ವೇಗ ಗಂಟೆಗೆ ನೂರು ಮೈಲಿ ದಾಟಿದ್ದು ಅದೇ ಮೊದಲು. ನೇರ ದಾರಿಯಲ್ಲಿ ಎದುರಾಳಿಗಳಿಗಿಂತ ತಡವಾಗಿ ಬ್ರೇಕು ಹಾಕುವ ಧೈರ್ಯ ಅದರ ಚಾಲಕರಿಗಿತ್ತು, ಇಪ್ಪತ್ತನೆಯ ಗಂಟೆಯಲ್ಲೂ ಇತ್ತು.

ಈಗ ಮತ್ತೆ ನಮ್ಮ ಝಡ್ ಕಾರಿನ ಚಕ್ರದ ಹತ್ತಿರ ಕೂರೋಣ. ಝಡ್ ಪ್ರಿಯರು ಬಹಳ ವರ್ಷಗಳಿಂದ ಮಾಡಿಕೊಂಡು ಬಂದಿರುವ ಒಂದು ಜುಗಾಡು ಇದೆ: ಟೊಯೋಟಾ ಹೈಲಕ್ಸ್ ಪಿಕಪ್ಪಿನ ನಾಲ್ಕು ಪಿಸ್ಟನ್ನಿನ ಕ್ಯಾಲಿಪರು ತಂದು ಮುಂದಕ್ಕೆ ಹಾಕುವುದು. ಅದರ ಒಂದು ಮಾದರಿ ಡಾಟ್ಸನ್ನಿನ ಬೋಲ್ಟಿನ ತೂತಿಗೆ ಸೀದಾ ಕೂರುತ್ತದೆ. ಡಿಸ್ಕಿನ ಹಿಂದಿನ ಧೂಳಿನ ತಗಡನ್ನು ಒಂದಿಷ್ಟು ಕತ್ತರಿಸಿದರೆ ಆಯಿತು. ಅಗ್ಗ, ಗಟ್ಟಿಮುಟ್ಟು, ಪ್ಯಾಡು ದೊಡ್ಡದು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಶಾಖ ನುಂಗುವುದು ಡಿಸ್ಕು, ಕ್ಯಾಲಿಪರಲ್ಲ. ಹಳೆಯ ಗಟ್ಟಿ ಡಿಸ್ಕನ್ನೇ ಉಳಿಸಿಕೊಂಡು ಕ್ಯಾಲಿಪರ್ ಮಾತ್ರ ಬದಲಿಸಿದರೆ ಒತ್ತುವ ಕೈ ಬಲವಾಯಿತೇ ಹೊರತು ಕಾಯುವ ಬಾಣಲೆ ಅಷ್ಟೇ ಉಳಿಯಿತು. ರೇಸ್ ಟ್ರ್ಯಾಕಿಗೆ ಹೋಗುವವರು ಇನ್ನೊಂದು ಹೆಜ್ಜೆ ಮುಂದಿಟ್ಟು, ಅಗಲ ಬಾಯಿಯ ಟೊಯೋಟಾ ಕ್ಯಾಲಿಪರಿನ ಜೊತೆ ನಿಸಾನ್ 300ಝಡ್‌ಎಕ್ಸ್ ಕಾರಿನ ಗಾಳಿಕಿಂಡಿಯ ಡಿಸ್ಕು ಹಾಕುತ್ತಾರೆ. ಎರಡು ತಟ್ಟೆಗಳ ನಡುವೆ ರೆಕ್ಕೆಗಳಿರುವ ಈ ಡಿಸ್ಕು ತಿರುಗುವಾಗ ನಡುವಿನಿಂದ ಗಾಳಿ ಎಳೆದು ಅಂಚಿನಿಂದ ಎಸೆಯುತ್ತದೆ, ಸಣ್ಣ ಫ್ಯಾನಿನ ಹಾಗೆ. ದುಡ್ಡು ಕೊಟ್ಟದ್ದಕ್ಕೆ ನಿಜವಾದ ಫಲ ಸಿಗುವುದು ಇಲ್ಲಿ. ತೂತು ಕೊರೆದ ಡಿಸ್ಕಿನ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. ತೂತು ಕೊರೆದಷ್ಟೂ ಶಾಖ ನುಂಗುವ ಕಬ್ಬಿಣ ಕಡಿಮೆಯಾಗುತ್ತದೆ, ಬಿಸಿಗೆ ಬಿರುಕು ಮೂಡುವುದೂ ಆ ತೂತಿನ ಅಂಚಿನಿಂದಲೇ.

ಒತ್ತುವ ಕೈ ಬಲವಾಯಿತು ಎಂದೆನಲ್ಲ, ಅದರ ಬಾಲದಲ್ಲಿ ಇನ್ನೆರಡು ಸಮಸ್ಯೆ ಬರುತ್ತವೆ. ದೊಡ್ಡ ಪಿಸ್ಟನ್ನುಗಳನ್ನು ತಳ್ಳಲು ಹೆಚ್ಚು ಆಯಿಲ್ ಬೇಕು, ಹಾಗಾಗಿ ಪೆಡಲು ಮೊದಲಿಗಿಂತ ಆಳಕ್ಕೆ ಹೋಗುತ್ತದೆ. ಇದಕ್ಕೆಂದು, ಪೆಡಲಿನ ತುಳಿತವನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರನ್ನು 7/8 ಇಂಚಿನಿಂದ 15/16 ಇಂಚಿಗೆ ಏರಿಸುತ್ತಾರೆ. ಪೆಡಲು ಮೇಲೆಯೇ ಗಟ್ಟಿಯಾಗಿ ಹಿಡಿಯುತ್ತದೆ, ಮಾಲೀಕ ಖುಷಿಯಾಗುತ್ತಾನೆ. ಪಾಸ್ಕಲ್ ನಿಯಮ ಮಾತ್ರ ಯಾರಿಗೂ ಪುಕ್ಕಟೆ ಏನನ್ನೂ ಕೊಡುವುದಿಲ್ಲ: ಸಿಲಿಂಡರಿನ ಬಾಯಿ ನೂರಕ್ಕೆ ಹದಿನೈದು ದೊಡ್ಡದಾದರೆ ಅಷ್ಟೇ ಒತ್ತಡ ತರಲು ಕಾಲು ನೂರಕ್ಕೆ ಹದಿನೈದು ಹೆಚ್ಚು ತುಳಿಯಬೇಕು. ಗಟ್ಟಿ ಪೆಡಲು ಬೇರೆ, ಬಲವಾದ ಬ್ರೇಕು ಬೇರೆ.

ಎರಡನೆಯದು ಮುಂದು-ಹಿಂದಿನ ಹೊಂದಾಣಿಕೆ. ಎಲ್ಲ ಅಪ್‌ಗ್ರೇಡುಗಳೂ ಎಡವುವುದು ಇಲ್ಲೇ. ಮುಂದಿನ ಬ್ರೇಕು ಅತಿಯಾದರೆ ಮುಂದಿನ ಚಕ್ರ ಮೊದಲೇ ಜಾರಿ ಸ್ಟಿಯರಿಂಗ್ ಸತ್ತುಹೋಗುತ್ತದೆ. ಹಿಂದಿನ ಟೈರುಗಳು ಕೆಲಸವಿಲ್ಲದೆ ಸುಮ್ಮನಿರುತ್ತವೆ, ನಿಲ್ಲುವ ದೂರ ಹಳೆಯದಕ್ಕಿಂತ ಹೆಚ್ಚಾದರೂ ಆಶ್ಚರ್ಯವಿಲ್ಲ. ಅದನ್ನು ಸರಿಮಾಡಲು ಹಿಂದಿನ ಬ್ರೇಕನ್ನು ಅತಿಮಾಡಿದರೆ ಹಿಂಭಾಗವೇ ಮುಂದಕ್ಕೆ ಬಂದು ಗಾಡಿ ಬುಗುರಿಯಾಡುತ್ತದೆ. ಮೊದಲನೆಯದರಲ್ಲಿ ನೇರ ಹೋಗಿ ಗುದ್ದುತ್ತೀರಿ, ಎರಡನೆಯದರಲ್ಲಿ ಎಲ್ಲಿಗೆ ಹೋಗುತ್ತೀರೆಂದೇ ತಿಳಿಯದು. ಆದ್ದರಿಂದ ಹಿಂದಿನ ಬ್ರೇಕಿನ ಕೊಳವೆಗೆ ತಿರುಗಿಸಿ ಹೊಂದಿಸಬಲ್ಲ ವಾಲ್ವ್ ಹಾಕಿ, ಖಾಲಿ ಜಾಗದಲ್ಲಿ ಪರೀಕ್ಷಿಸಿ, ಮುಂದಿನ ಚಕ್ರ ಕೂದಲೆಳೆಯಷ್ಟು ಮೊದಲು ಜಾರುವ ಹಾಗೆ ಇಟ್ಟುಕೊಳ್ಳುವುದು ವಾಡಿಕೆ.

ಹಿಂದಕ್ಕೂ ಡಿಸ್ಕು ಹಾಕಿಸಬೇಕೆ? ರಸ್ತೆಯ ಮೇಲೆ ಓಡುವ ಝಡ್ ಕಾರಿಗೆ ಬೇಡ ಎಂದೇ ನನ್ನ ಮತ. ಅದರ ಡ್ರಮ್ಮು ಸಾಮಾನ್ಯದ್ದಲ್ಲ. ಹೊರಮೈ ಅಲ್ಯುಮಿನಿಯಮ್ಮಿನದು, ಶಾಖ ಬಿಡಲು ಸುತ್ತ ರೆಕ್ಕೆಗಳಿವೆ. ಹಿಂದೆ ಬೀಳುವ, ನೂರಕ್ಕೆ ಮೂವತ್ತರಷ್ಟು ಪಾಲಿಗೆ ಅದು ಧಾರಾಳ. ಅದನ್ನು ಕಿತ್ತು ಡಿಸ್ಕು ಹಾಕಿದವರು ಆಮೇಲೆ ಹ್ಯಾಂಡ್‌ಬ್ರೇಕಿನ ಕೇಬಲ್ಲಿನ ಜೊತೆ ತಿಂಗಳುಗಟ್ಟಲೆ ಗುದ್ದಾಡುತ್ತಾರೆ.

ಪ್ಯಾಡಿನ ಆಯ್ಕೆ ಕಾರಿನದಲ್ಲ, ಓಡಿಸುವವನದು. ರೇಸಿಂಗ್ ಪ್ಯಾಡು ಕಾದಾಗ ಹುಲಿ. ತಣ್ಣಗಿರುವಾಗ, ಅಂದರೆ ಬೆಳಿಗ್ಗೆ ಗೇಟು ದಾಟಿದ ಮೊದಲ ತಿರುವಿನಲ್ಲಿ, ಅದು ಹಿಡಿಯುವುದೇ ಇಲ್ಲ. ವಾರಕ್ಕೊಮ್ಮೆ ಸುತ್ತಾಡಿಸುವ ಕಾರಿಗೆ ಚುರುಕು ಜಾತಿಯ ರಸ್ತೆ ಪ್ಯಾಡೇ ಸಾಕು. ಇನ್ನೊಂದು ಮಾತು: ಹಳೆಯ ಕಾರಿನ ಪ್ಯಾಡು, ಶೂ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಂಭವ ಹೆಚ್ಚು. ಡ್ರಮ್ಮು ಬಿಚ್ಚಿದ ಕೂಡಲೇ ಗಾಳಿ ಹೊಡೆದು ಧೂಳು ಹಾರಿಸುವ ಗ್ಯಾರೇಜಿನ ಅಭ್ಯಾಸ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಇಷ್ಟೆಲ್ಲ ಆದಮೇಲೂ ಅತ್ಯಂತ ಅಗ್ಗದ, ಅತ್ಯಂತ ಫಲದ ಕೆಲಸ ಉಳಿದೇ ಇರುತ್ತದೆ. ಐವತ್ತು ವರ್ಷದ ರಬ್ಬರ್ ಹೋಸು ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರುತ್ತದೆ. ಪೆಡಲು ತುಳಿದಾಗ ಆಯಿಲ್ ನುಗ್ಗುತ್ತದೆ, ಬಿಟ್ಟಾಗ ವಾಪಸು ಬರುವುದಿಲ್ಲ. ಒಂದು ಚಕ್ರ ಹಿಡಿದುಕೊಂಡೇ ಇದ್ದು ಗಾಡಿ ಒಂದು ಕಡೆಗೆ ಎಳೆಯುತ್ತದೆ. ಕ್ಯಾಲಿಪರು ಕೆಟ್ಟಿದೆ ಎಂದು ಹೊಸದು ತಂದವರೂ ಇದ್ದಾರೆ. ಸ್ಟೀಲ್ ಹೆಣಿಗೆಯ ಹೊಸ ಹೋಸು ಹಾಕಿದರೆ ಆ ಕಾಟ ತಪ್ಪುತ್ತದೆ, ಪೆಡಲೂ ಬಿಗಿಯಾಗುತ್ತದೆ.

ಹೋಸಿನ ಒಳಗೆ ಹರಿಯುವ ಆಯಿಲಿನದು ಬೇರೆಯೇ ಕತೆ. ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಉಪ್ಪಿನಂತೆ ಹೀರಿಕೊಳ್ಳುತ್ತದೆ. ಡಾಟ್ 4 ಎಂಬ ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ಅದರಲ್ಲಿ ನೂರಕ್ಕೆ ನಾಲ್ಕರಷ್ಟೂ ನೀರು ಸೇರುವ ಮುಂಚೆಯೇ ಆ ಮಿತಿ 155ಕ್ಕೆ ಕುಸಿಯುತ್ತದೆ. ಡಾಟ್ 3 ಇನ್ನೂ ಬಡವ, ಹೊಸದಿದ್ದಾಗ 205, ತೇವ ಹೀರಿದ ಮೇಲೆ 140. ಕಾದ ಕ್ಯಾಲಿಪರಿನಲ್ಲಿ ಅಷ್ಟು ಬಿಸಿ ಏರಲು ಒಂದು ಘಾಟಿ ಸಾಕು. ಆರು ಪಿಸ್ಟನ್ನಿನ ಕೆಂಪು ಕ್ಯಾಲಿಪರಿನೊಳಗೆ ಐದು ವರ್ಷದ ಹಳೆಯ ಆಯಿಲ್ ಇದ್ದರೆ ಪೆಡಲು ನೆಲಕ್ಕೆ ಹೋಗುವುದನ್ನು ಆ ಆರು ಪಿಸ್ಟನ್ನೂ ತಡೆಯಲಾರವು.

240ಝಡ್ ನಿಮ್ಮ ಮನೆಯ ಅಂಗಳದಲ್ಲಿ ಇರಲಿಕ್ಕಿಲ್ಲ. ಬ್ರೇಕ್ ಆಯಿಲ್ ಮಾತ್ರ ನಿಮ್ಮ ಗಾಡಿಯಲ್ಲೂ ಇದೆ, ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಿ ಎಂದು ಹೆಚ್ಚಿನ ಕಂಪನಿಗಳು ಹೇಳುತ್ತವೆ. ಮುಂದಿನ ಸಲ ಘಾಟಿ ಇಳಿಯುವ ಮೊದಲು ಸರ್ವಿಸ್ ಪುಸ್ತಕ ತೆಗೆದು, ಕೊನೆಯ ಸಲ ಬದಲಿಸಿದ ತಾರೀಖು ನೋಡಿಕೊಳ್ಳಿ.