ಮುಪ್ಪಿನಲ್ಲಿ ಬುದ್ಧಿ: ತಳಿಯ ಪಾಲೆಷ್ಟು, ಸಾಕಣೆಯ ಪಾಲೆಷ್ಟು?



'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಮನೆಯ ಹಿರಿಯರು ಕೇಳಿದ್ದನ್ನೇ ಕೇಳಿದರೆ, ಇಟ್ಟ ವಸ್ತುವನ್ನು ಮರೆತರೆ, ಈ ಗಾದೆ ಹೇಳಿ ಸುಮ್ಮನಾಗುತ್ತೇವೆ. ಇನ್ನು ಕೆಲವರು, 'ಅವರಪ್ಪನಿಗೂ ಹೀಗೇ ಆಗಿತ್ತು, ಅದು ವಂಶದಲ್ಲೇ ಇದೆ, ಏನು ಮಾಡುವುದಕ್ಕಾಗುತ್ತದೆ?' ಎನ್ನುತ್ತಾರೆ. ಈ ಮಾತಿನಲ್ಲಿ ನಿಜವೆಷ್ಟು, ತಪ್ಪೆಷ್ಟು ಎಂಬುದನ್ನು ತಿಳಿಯುವುದು ಪ್ರತಿಯೊಂದು ಕುಟುಂಬಕ್ಕೂ ಅಗತ್ಯ. ಏಕೆಂದರೆ ಜಮೀನಿನ ಗಡಿ, ಕೊಟ್ಟು ಕೊಳ್ಳುವ ಲೆಕ್ಕ, ದನಕರುಗಳ ಆರೈಕೆ ಎಲ್ಲವೂ ಹಿರಿಯರ ನೆನಪನ್ನೇ ನಂಬಿಕೊಂಡಿರುವ ಮನೆಗಳು ನಮ್ಮಲ್ಲಿ ಬಹಳ.

ರೇಷ್ಮೆ ಹುಳು ಕಲಿಸುವ ಪಾಠ

ನಿಮಗೆ ಚೆನ್ನಾಗಿ ತಿಳಿದ ವಿಷಯದಿಂದಲೇ ಆರಂಭಿಸೋಣ. ಮಾಗಡಿ ಸೀಮೆಯಲ್ಲಿ ಶುದ್ಧ ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಯುತ್ತಾರೆ. ಈ ಹುಳು ಗಟ್ಟಿಮುಟ್ಟು. ಆದರೆ ಗೂಡು ಚಿಕ್ಕದು, ನೂಲು ಕಡಿಮೆ. ದ್ವಿತಳಿ ಹುಳುವಿಗೆ ನೂಲು ಹೆಚ್ಚು, ಆದರೆ ಅದು ನಾಜೂಕು. ಇವೆರಡನ್ನೂ ಕೂಡಿಸಿದ ಮಿಶ್ರತಳಿಯನ್ನು ಕನಕಪುರ, ಚನ್ನಪಟ್ಟಣಗಳ ರೈತರು ಸಾಕಿ ರಾಮನಗರದ ಗೂಡಿನ ಮಾರುಕಟ್ಟೆಗೆ ತರುತ್ತಾರೆ. ತಂದೆ ತಾಯಿಯರ ಗುಣ ಮರಿಗೆ ಬರುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹೀಗೆ ಗುಣವನ್ನು ಹೊತ್ತು ತರುವ ಅಂಶಕ್ಕೆ ವಂಶವಾಹಿ, ಅಂದರೆ ಜೀನು ಎಂದು ಹೆಸರು.

ಈಗ ಯೋಚಿಸಿ. ಒಂದೇ ಮನೆಯಲ್ಲಿ, ಒಂದೇ ಸೊಪ್ಪು ಹಾಕಿ ಎರಡು ತಳಿ ಸಾಕಿದರೆ ಗೂಡಿನಲ್ಲಿ ಕಾಣುವ ವ್ಯತ್ಯಾಸ ತಳಿಯದು. ಒಂದೇ ಚಾಕಿ ಹುಳುವನ್ನು ಇಬ್ಬರು ಹಂಚಿಕೊಂಡು, ಒಬ್ಬರು ರಸವತ್ತಾದ ಸೊಪ್ಪನ್ನೂ ಇನ್ನೊಬ್ಬರು ಬಾಡಿದ ಸೊಪ್ಪನ್ನೂ ಹಾಕಿದರೆ ವ್ಯತ್ಯಾಸ ಸಾಕಣೆಯದು.

ಸ್ವೀಡನ್ ದೇಶದಲ್ಲಿ 80 ವರ್ಷ ದಾಟಿದ ಅವಳಿಗಳನ್ನು ಪರೀಕ್ಷಿಸಿ 1997ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರ ಬುದ್ಧಿಶಕ್ತಿಯಲ್ಲಿ ಕಂಡ ವ್ಯತ್ಯಾಸದ ಪೈಕಿ ಶೇಕಡ 62ರಷ್ಟು ವಂಶವಾಹಿಗಳಿಗೆ ಸೇರಿದ್ದೆಂದು ಲೆಕ್ಕ ಸಿಕ್ಕಿತು. ಇದನ್ನು ತಪ್ಪಾಗಿ ತಿಳಿಯಬಾರದು. ಸಾಕಣೆ ಹೆಚ್ಚುಕಡಿಮೆ ಸಮನಾಗಿರುವ ಕಡೆ ತಳಿಯ ವ್ಯತ್ಯಾಸವೇ ಎದ್ದು ಕಾಣುತ್ತದೆ. ಓದು, ಊಟ, ಔಷಧೋಪಚಾರ ಮನೆಯಿಂದ ಮನೆಗೆ ಬೇರೆಯಾಗಿರುವ ಕಡೆ ಅದೇ ಲೆಕ್ಕ ಹಾಗೆಯೇ ಹೊಂದುವುದಿಲ್ಲ.

ಎಪಿಒಇ ಎಂಬ ಒಂದು ವಂಶವಾಹಿಯುಂಟು. ಅದರ ನಾಲ್ಕನೆಯ ಸಂಖ್ಯೆಯ ಬಗೆ ಬಂದಿರುವವರಿಗೆ ಆಲ್‌ಝೈಮರ್ ಎಂಬ ಮರೆವಿನ ಕಾಯಿಲೆಯ ಸಂಭವ ಹೆಚ್ಚು. ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದಿದ್ದರೆ ಇನ್ನೂ ಹೆಚ್ಚು. ಆದರೆ ಅದಿದ್ದೂ ಕೊನೆಯವರೆಗೆ ಚುರುಕಾಗಿರುವವರುಂಟು. ಅದಿಲ್ಲದೆ ಕಾಯಿಲೆ ಬಿದ್ದವರೂ ಉಂಟು. ಆದುದರಿಂದ ವಂಶವಾಹಿ ಹಣೆಬರಹವಲ್ಲ.

ತಲೆಯೊಳಗೆ ಏನಾಗುತ್ತದೆ?

ನಮ್ಮ ಮಿದುಳಿನ ತೂಕ ಸುಮಾರು 1.3 ಕಿಲೋ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಕಿವಿಯ ನೇರಕ್ಕೆ ಒಳಗಡೆ, ಎರಡು ಪಕ್ಕದಲ್ಲೂ, ಕಡಲ್ಗುದುರೆಯ ಆಕಾರದ ಒಂದು ಭಾಗವಿದೆ. ಹೊಸ ವಿಷಯವನ್ನು ನೆನಪಿಗೆ ಸೇರಿಸುವುದು ಅದರ ಕೆಲಸ. ವಯಸ್ಸಾದಂತೆ ಇದು ಸ್ವಲ್ಪ ಸ್ವಲ್ಪವಾಗಿ ಕುಗ್ಗುತ್ತದೆ. ಅಜ್ಜನಿಗೆ ಐವತ್ತು ವರ್ಷದ ಹಿಂದಿನ ಬರಗಾಲ ನೆನಪಿದ್ದು ಬೆಳಗಿನ ತಿಂಡಿ ಮರೆತುಹೋಗಲು ಇದೊಂದು ಕಾರಣ.

ಮಿದುಳಿನ ಒಂದು ಭಾಗದಿಂದ ಮತ್ತೊಂದಕ್ಕೆ ಸುದ್ದಿ ಒಯ್ಯುವ ನರದ ಎಳೆಗಳೂ ಇವೆ. ಇವನ್ನು ಗದ್ದೆಯ ಕಾಲುವೆಗೆ ಹೋಲಿಸಬಹುದು. ಕಾಲುವೆ ಒಡೆದರೆ ಕೊನೆಯ ಗದ್ದೆಗೆ ನೀರು ತಡವಾಗುತ್ತದೆ. ರಕ್ತದ ಒತ್ತಡ, ಸಕ್ಕರೆ ಕಾಯಿಲೆಗಳನ್ನು ಹಾಗೇ ಬಿಟ್ಟರೆ ಸಣ್ಣ ರಕ್ತನಾಳಗಳು ಕೆಟ್ಟು ಈ ಎಳೆಗಳು ಹಾಳಾಗುತ್ತವೆ. ಆಗ ಯೋಚನೆ ನಿಧಾನವಾಗುತ್ತದೆ.

ಈ ವಿಷಯವನ್ನು ನಮ್ಮ ಹಳ್ಳಿಗರಲ್ಲೇ ಅರಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಅಧ್ಯಯನ ಆರಂಭಿಸಿದರು. ಅದೂ ನಮ್ಮಂತೆಯೇ ರಾಗಿ, ಮಾವು, ರೇಷ್ಮೆಯ ಸೀಮೆ. 45 ವರ್ಷ ಮೇಲ್ಪಟ್ಟ 10,000 ಮಂದಿಯನ್ನು ವರ್ಷಾನುಗಟ್ಟಲೆ ನೋಡುತ್ತ, ನೆನಪಿನ ಪರೀಕ್ಷೆ, ರಕ್ತದಲ್ಲಿನ ವಂಶವಾಹಿ, ಮಿದುಳಿನ ಚಿತ್ರ ಎಲ್ಲವನ್ನೂ ಕೂಡಿಸಿ ನೋಡುವುದು ಅದರ ಉದ್ದೇಶ.

ನಮ್ಮ ಕೈಯಲ್ಲಿರುವುದು

ಮರೆವಿನ ಕಾಯಿಲೆಗಳ ಬಗ್ಗೆ ಪರಿಣತರ ಅಂತರರಾಷ್ಟ್ರೀಯ ಮಂಡಲಿಯೊಂದು 2024ರಲ್ಲಿ ವರದಿ ಕೊಟ್ಟಿತು. ಬದಲಾಯಿಸಬಹುದಾದ 14 ಕಾರಣಗಳನ್ನು ಸರಿಪಡಿಸಿದರೆ ಸುಮಾರು ಶೇಕಡ 45ರಷ್ಟು ಪ್ರಸಂಗಗಳನ್ನು ತಡೆಯಬಹುದು ಅಥವಾ ಮುಂದಕ್ಕೆ ಹಾಕಬಹುದೆಂದು ಅದು ಹೇಳುತ್ತದೆ. ಅವುಗಳಲ್ಲಿ ನಾವು ಮಾಡಬಹುದಾದವು:

1. ನಡುವಯಸ್ಸಿನಿಂದಲೇ ರಕ್ತದ ಒತ್ತಡ, ಸಕ್ಕರೆ ಪರೀಕ್ಷಿಸಿಕೊಳ್ಳಿ. ಕೊಟ್ಟ ಮಾತ್ರೆಯನ್ನು ನಡುವೆ ನಿಲ್ಲಿಸಬೇಡಿ.

2. ಬೀಡಿ, ಸಿಗರೇಟು ಬಿಡಿ, ಕುಡಿತದಿಂದ ದೂರವಿರಿ. ದ್ವಿಚಕ್ರ ವಾಹನದಲ್ಲಿ ಹೆಲ್ಮೆಟ್ ಧರಿಸಿ.

3. ಕಿವಿ ಮಂದವಾದರೆ, ಕಣ್ಣಿಗೆ ಪೊರೆ ಬಂದರೆ ಚಿಕಿತ್ಸೆ ಮಾಡಿಸಿ. ಕೇಳದವರು ಮಾತು ಬಿಡುತ್ತಾರೆ. ಮಾತು ಬಿಟ್ಟವರ ಬುದ್ಧಿ ಮಂಕಾಗುತ್ತದೆ.

4. ದಿನವೂ ನಡೆಯಿರಿ. ಅಮೆರಿಕದಲ್ಲಿ 120 ಹಿರಿಯರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷ ಬಿರುಸಾಗಿ ನಡೆದವರ ಆ ಕಡಲ್ಗುದುರೆ ಭಾಗ ಕುಗ್ಗುವ ಬದಲು ಶೇಕಡ 2ರಷ್ಟು ಬೆಳೆದಿತ್ತು.

5. ಮಕ್ಕಳನ್ನು, ಮುಖ್ಯವಾಗಿ ಹೆಣ್ಣುಮಕ್ಕಳನ್ನು, ಓದಿಸಿ. ಇಂದಿನ ಓದು ಅವರ ಮುಪ್ಪಿಗೆ ಕೂಡಿಟ್ಟ ಬಂಡವಾಳ.

ಓದು ಬಾರದ ಹಿರಿಯರು ನಿರಾಶರಾಗಬೇಕಿಲ್ಲ. ಹೈದರಾಬಾದಿನಲ್ಲಿ 648 ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎರಡು ಭಾಷೆ ಆಡುವವರಿಗೆ ಮರೆವಿನ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು. ಅಕ್ಷರ ಬಾರದವರಲ್ಲೂ ಈ ಲಾಭ ಕಂಡಿತು. ಕನ್ನಡದೊಡನೆ ಉರ್ದು, ತೆಲುಗು, ತಮಿಳು ಆಡುವವರು ನಮ್ಮಲ್ಲಿ ಕಡಿಮೆಯೇ?

ಕೊನೆಯದಾಗಿ ಒಂದು ಮಾತು. ಎಲ್ಲ ಮರೆವೂ ಮುಪ್ಪಿನದಲ್ಲ. ಥೈರಾಯ್ಡ್ ದೋಷ, ಬಿ-12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆಗಳಿಂದಲೂ ಮರೆವು ಬರುತ್ತದೆ, ಇವಕ್ಕೆ ಚಿಕಿತ್ಸೆಯುಂಟು. ಹಿರಿಯರು ದಾರಿ ತಪ್ಪಿದರೆ, ಹಣದ ಲೆಕ್ಕ ತಪ್ಪಿದರೆ, ಮನೆಯವರ ಗುರುತು ಮರೆತರೆ ನಗಬೇಡಿ, ಗದರಬೇಡಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಹೆಚ್ಚಿನ ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್ ದೂರವಿಲ್ಲ.

ಮೊಟ್ಟೆಯ ತಳಿ ನಮ್ಮ ಆಯ್ಕೆಯಲ್ಲದಿರಬಹುದು. ಸೊಪ್ಪು ಹಾಕುವ ಕೈ ನಮ್ಮದೇ.