ಹಳೆಯ ಜೀಪುಗಳಿಗೆ ಜೋಡಿಸಿದ ಇಂಜೆಕ್ಷನ್: ಸೆನ್ಸರುಗಳ ದೋಷಪರೀಕ್ಷೆ

ಕಾರ್ಬ್ಯುರೇಟರನ್ನು ತೆಗೆದು ಅದರ ಸ್ಥಳದಲ್ಲಿ ವಿದ್ಯುತ್ತಿನಿಂದ ನಡೆಯುವ ಇಂಜೆಕ್ಷನ್ ಉಪಕರಣವನ್ನು ಹಳೆಯ ಪೆಟ್ರೋಲ್ ಜೀಪುಗಳಿಗೆ ಜೋಡಿಸುವದುಂಟು. ಸರಿಯಾಗಿರುವಾಗ ಅದು ಪೆಟ್ರೋಲನ್ನು ಹಿತಮಿತವಾಗಿ ಬಳಸುವದು. ಕೆಟ್ಟಾಗಿನ ತೊಂದರೆ ಮಾತ್ರ ದೊಡ್ಡದು. ದುಂಡಸಿಯ ಒಕ್ಕಲಿಗನು ಮೆಣಸಿನಕಾಯಿಯ ಚೀಲಗಳನ್ನು ಹೇರಿಕೊಂಡು ಬ್ಯಾಡಗಿಯ ಪೇಟೆಗೆ ಹೊರಟಾಗ ವಾಹನವು ನಡುದಾರಿಯಲ್ಲಿ ನಿಂತರೆ ಆ ದಿನದ ವ್ಯಾಪಾರವೇ ತಪ್ಪುವದು. ಇಂಥ ಸಮಯದಲ್ಲಿ ಒಂದರ ಹಿಂದೊಂದು ಹೊಸ ಸೆನ್ಸರುಗಳನ್ನು ಕೊಂಡು ಹಾಕಿಸುವ ರೂಢಿಯು ಹಣಕ್ಕೆ ಕೇಡು. ಹೊರಗಿನಿಂದ ಜೋಡಿಸಿದ ಉಪಕರಣದಲ್ಲಿ ಸೆನ್ಸರಿಗಿಂತ ಅದರ ತಂತಿಯೇ ಹೆಚ್ಚಾಗಿ ಕೆಟ್ಟಿರುವದು.

ಸೆನ್ಸರುಗಳು ಯಂತ್ರದ ಸ್ಥಿತಿಯನ್ನು ಇಸಿಯು ಎಂಬ ನಿಯಂತ್ರಕ ಪೆಟ್ಟಿಗೆಗೆ ತಿಳಿಸುವವು. ಅದನ್ನು ನಂಬಿ ಪೆಟ್ಟಿಗೆಯು ಪೆಟ್ರೋಲನ್ನು ಅಳೆದು ಬಿಡುವದು. ಆದ ಕಾರಣ ಮೊದಲು ಅರ್ಥ್ ತಂತಿಯನ್ನು ನೋಡತಕ್ಕದ್ದು. ಯಂತ್ರವು ನಡೆಯುತ್ತಿರುವಾಗ ಬ್ಯಾಟರಿಯ ಋಣ ತುದಿಗೂ ಯಂತ್ರದ ಮೈಗೂ ಮಲ್ಟಿಮೀಟರನ್ನು ಹಿಡಿದರೆ 0.2 ವೋಲ್ಟಿಗಿಂತ ಹೆಚ್ಚು ಬರಬಾರದು. ಬಂದರೆ ಜೋಡಣೆಯಲ್ಲಿ ಬಣ್ಣ ಇಲ್ಲವೆ ತುಕ್ಕು ಅಡ್ಡ ಬಂದಿದೆಯೆಂದು ತಿಳಿದು ಕೆರೆದು ಬಿಗಿಯಬೇಕು. ಸೆನ್ಸರುಗಳ ಅರ್ಥ್ ತಂತಿಯನ್ನು ಜೀಪಿನ ಮೈಗೆ ಕಟ್ಟದೆ ಪೆಟ್ಟಿಗೆಯಲ್ಲಿ ಅದಕ್ಕೆಂದೇ ಇರುವ ಪಿನ್ನಿಗೆ ಒಯ್ಯತಕ್ಕದ್ದು.

ಯಂತ್ರವು ಬಿಸಿಯಾದ ಮೇಲೂ ಕರಿಹೊಗೆ ಬಿಟ್ಟು ಹೆಚ್ಚು ಪೆಟ್ರೋಲ್ ಕುಡಿಯುತ್ತಿದ್ದರೆ ನೀರಿನ ಉಷ್ಣತೆಯ ಸೆನ್ಸರನ್ನು ಸಂಶಯಿಸಬೇಕು. ಅದರ ತಂತಿ ಕಡಿದಾಗ ಯಂತ್ರವು ಅತಿ ತಣ್ಣಗಿದೆಯೆಂದು ಪೆಟ್ಟಿಗೆಯು ಭಾವಿಸುವದು. ಬಳಕೆಯಲ್ಲಿರುವ ಒಂದು ಜಾತಿಯ ಸೆನ್ಸರು 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸುಮಾರು 2500 ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ ತೋರಿಸುವದು. ಬೇರೆ ಜಾತಿಗೆ ತಯಾರಕರ ಪಟ್ಟಿಯೇ ಪ್ರಮಾಣ. ಸೆನ್ಸರನ್ನು ಬಿಚ್ಚಿ ಅದರ ತುದಿಯನ್ನು ಬಿಸಿನೀರಿನಲ್ಲಿಟ್ಟು ಮನೆಯಲ್ಲಿಯೇ ಈ ಪರೀಕ್ಷೆ ಮಾಡಬಹುದು.

ಗಾಳಿಯ ಒತ್ತಡದ ಸೆನ್ಸರಿನಲ್ಲಿ ಮೋಸ ಹೋಗುವವರು ಬಹಳ. ಕೀಲಿ ತಿರುಗಿಸಿ ಯಂತ್ರವನ್ನು ಚಾಲೂ ಮಾಡದಿದ್ದಾಗ ಅದು ಹೊರಗಿನ ಗಾಳಿಯ ಒತ್ತಡವನ್ನು ತೋರಿಸಬೇಕು. ಸಮುದ್ರಮಟ್ಟದಲ್ಲಿ ಅದು ಸುಮಾರು 101 ಕಿಲೋಪಾಸ್ಕಲ್. ಶಿಗ್ಗಾಂವಿಯ ಸೀಮೆಯು ಸುಮಾರು 600 ಮೀಟರ್ ಎತ್ತರದಲ್ಲಿರುವದರಿಂದ ಇಲ್ಲಿ 94ರ ಆಸುಪಾಸು ಬಂದರೆ ಸೆನ್ಸರು ಸರಿಯೇ ಇದೆ. ಅದಕ್ಕೆ ಹೋಗುವ ರಬ್ಬರ್ ಕೊಳವೆ ಸೀಳಿದ್ದರೆ ಯಂತ್ರವು ನಡೆಯುವಾಗ ಒತ್ತಡವು ನಿಜಕ್ಕಿಂತ ಹೆಚ್ಚಾಗಿ ಕಂಡು ಪೆಟ್ರೋಲ್ ವ್ಯರ್ಥವಾಗುವದು.

ಥ್ರಾಟಲಿನ ಸೆನ್ಸರು ಸಾಮಾನ್ಯವಾಗಿ 0.5 ವೋಲ್ಟಿನಿಂದ 4.5 ವೋಲ್ಟಿನವರೆಗೆ ನುಣ್ಣಗೆ ಏರಬೇಕು. ನಡುವೆ ಜಿಗಿದರೆ ಒಳಗಿನ ಪಟ್ಟಿ ಸವೆದಿದೆ. ಈ ಒಂದು ಕೆಲಸಕ್ಕೆ ಮುಳ್ಳಿನ ಹಳೆಯ ಮೀಟರೇ ಅನುಕೂಲವಾದದ್ದು.

ಯಂತ್ರವು ತಿರುಗಿದರೂ ಹೊತ್ತಿಕೊಳ್ಳದಿದ್ದರೆ ಅಥವಾ ವೇಗದಲ್ಲಿ ಬಿಕ್ಕಿದರೆ ಕ್ರ್ಯಾಂಕಿನ ಸೆನ್ಸರನ್ನು ಬಿಚ್ಚಿ ನೋಡತಕ್ಕದ್ದು. ಅದರ ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಅಂಟಿರುವದುಂಟು. ಪ್ಲಗ್ಗಿನ ತಂತಿಗಳೊಡನೆ ಇದರ ತಂತಿಯನ್ನು ಒಂದೇ ಕಟ್ಟಿನಲ್ಲಿ ಬಿಗಿದಿದ್ದರೆ ಕಿಡಿಯ ಸದ್ದು ಇದರೊಳಗೆ ಸೇರಿ ಪೆಟ್ಟಿಗೆಯು ಲೆಕ್ಕ ತಪ್ಪುವದು, ಎರಡನ್ನೂ ದೂರವಿಡಬೇಕು.

ಜೀಪಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯ ತಂತಿಗಳನ್ನೂ ಪೆಟ್ಟಿಗೆಯ ಕನೆಕ್ಟರನ್ನೂ ಮೊದಲೇ ಬಿಚ್ಚಿಡತಕ್ಕದ್ದು. ಕಾಳಿನ ಚೀಲಗಳ ಬಳಿ ನಿಲ್ಲಿಸುವ ವಾಹನಗಳ ತಂತಿಗಳನ್ನು ಇಲಿಗಳು ಕಡಿಯುವದರಿಂದ, ವಾರಕ್ಕೊಮ್ಮೆ ಬಾನೆಟ್ ಎತ್ತಿ ಕಣ್ಣಾಡಿಸುವದು ಅವಶ್ಯ.