ಪ್ರಥಮ ಏಷ್ಯಾ ಕ್ರೀಡಾಕೂಟ: ಆತಿಥ್ಯ ಮತ್ತು ಫಲಿತಾಂಶ

ಇಂತಹ ತಿಥಿಗೆ ಬರುವೆನೆಂಬ ನಿಯಮವಿಲ್ಲದೆ ಬರುವವನೇ ಅತಿಥಿ ಎಂದು ಹಿಂದಿನವರು ಆ ಶಬ್ದಕ್ಕೆ ನಿರ್ವಚನ ಹೇಳುವುದುಂಟು. 1951ರಲ್ಲಿ ದೆಹಲಿಗೆ ಬಂದ ಹತ್ತು ರಾಷ್ಟ್ರಗಳ ಅತಿಥಿಗಳ ವಿಷಯದಲ್ಲಿ ಈ ನಿರ್ವಚನ ತಿರುಗುಮುರುಗಾಯಿತು. ಅವರಿಗೆ ತಿಥಿಯನ್ನು ಗೊತ್ತುಪಡಿಸಿ ಆಮಂತ್ರಣ ಹೋಗಿತ್ತು. ತಿಥಿಯನ್ನು ತಪ್ಪಿಸಿದವರು ಆತಿಥೇಯರೇ. 1950ರಲ್ಲಿ ಜರುಗಬೇಕಾಗಿದ್ದ ಪ್ರಥಮ ಏಷ್ಯಾ ಕ್ರೀಡಾಕೂಟವು ಸಿದ್ಧತೆಗಳು ಪೂರೈಸದೆ ಮುಂದಕ್ಕೆ ಹೋಗಿ, ಕೊನೆಗೆ 1951ರ ಮಾರ್ಚ್ 4ರಿಂದ 11ರವರೆಗೆ ನಡೆಯಿತು. ಆದರೂ ಆ ಎಂಟು ದಿನಗಳ ಆತಿಥ್ಯಕ್ಕೆ ಏಷ್ಯಾಖಂಡದ ಇತಿಹಾಸದಲ್ಲಿ ಒಂದು ವಿಶೇಷ ಸ್ಥಾನವಿದೆ. ಅದು ಏಕೆಂಬುದನ್ನು ಅರಿಯಬೇಕಾದರೆ ಪದಕಗಳ ಪಟ್ಟಿಯೊಂದನ್ನೇ ನೋಡಿದರೆ ಸಾಲದು.

ಈ ಕೂಟದ ಕಲ್ಪನೆ ಮೂಡಿದ್ದು ಒಬ್ಬ ಅಧ್ಯಾಪಕರ ಮನಸ್ಸಿನಲ್ಲಿ. ಲಾಹೋರಿನ ಸರ್ಕಾರಿ ಕಾಲೇಜಿನ ಪ್ರಾಂಶುಪಾಲರಾಗಿದ್ದ ಗುರುದತ್ತ ಸೋಂಧಿಯವರು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರೂ ಆಗಿದ್ದರು. 1934ರಲ್ಲಿಯೇ ಅವರು ಪಶ್ಚಿಮ ಏಷ್ಯಾ ಕ್ರೀಡಾಕೂಟವೆಂಬುದನ್ನು ದೆಹಲಿಯಲ್ಲಿ ನಡೆಸಿದ್ದರು. ಅದರಲ್ಲಿ ಭಾಗವಹಿಸಿದ ದೇಶಗಳು ನಾಲ್ಕೇ: ಭಾರತ, ಅಫಘಾನಿಸ್ತಾನ, ಪ್ಯಾಲೆಸ್ಟೈನ್ ಮತ್ತು ಸಿಂಹಳ. ಅದು ಅಲ್ಲಿಗೇ ನಿಂತಿತು. ಇತ್ತ ಪೂರ್ವದಲ್ಲಿ 1913ರಿಂದ ಫಿಲಿಪೈನ್ಸ್, ಚೀನ, ಜಪಾನುಗಳು ಸೇರಿ ನಡೆಸುತ್ತಿದ್ದ ದೂರಪ್ರಾಚ್ಯ ಕ್ರೀಡಾಕೂಟವೂ ಅದೇ 1934ರಲ್ಲಿ ಕೊನೆಗೊಂಡಿತು. ಹೀಗೆ ಪೂರ್ವ ಮತ್ತು ಪಶ್ಚಿಮಗಳ ಎರಡೂ ದೀಪಗಳು ಆರಿದ್ದ ಕಾಲದಲ್ಲಿ, ಇಡೀ ಏಷ್ಯಾಕ್ಕೆ ಒಂದೇ ದೀಪವನ್ನು ಹಚ್ಚಬೇಕೆಂಬ ಹಂಬಲ ಸೋಂಧಿಯವರಿಗೆ ಉಂಟಾಯಿತು. 1947ರ ವಸಂತದಲ್ಲಿ ದೆಹಲಿಯಲ್ಲಿ ಸೇರಿದ ಏಷ್ಯಾ ಬಾಂಧವ್ಯ ಸಮ್ಮೇಳನವು ಈ ಹಂಬಲಕ್ಕೆ ಇಂಬುಕೊಟ್ಟಿತು. 1948ರ ಲಂಡನ್ ಒಲಿಂಪಿಕ್ಸಿನ ಸಂದರ್ಭದಲ್ಲಿ ಸೋಂಧಿಯವರು ಅಲ್ಲಿಗೆ ಬಂದಿದ್ದ ಏಷ್ಯಾದ ಪ್ರತಿನಿಧಿಗಳನ್ನು ಕೂಡಿಸಿ ಮಾತನಾಡಿದರು. 1949ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಏಷ್ಯಾ ಕ್ರೀಡಾಕೂಟ ಒಕ್ಕೂಟವು ಸ್ಥಾಪನೆಯಾಯಿತು. ಪಟಿಯಾಲಾದ ಮಹಾರಾಜ ಯಾದವೀಂದ್ರ ಸಿಂಗ್ ಅದರ ಅಧ್ಯಕ್ಷರಾದರು. ಪ್ರಥಮ ಕೂಟದ ಭಾರವನ್ನು ಭಾರತವೇ ಹೊತ್ತುಕೊಂಡಿತು.

ಹೊತ್ತುಕೊಂಡದ್ದೇನೋ ಸರಿ, ಹೊರುವ ಶಕ್ತಿ ಎಲ್ಲಿತ್ತು? ಅಂದಿನ ದೆಹಲಿಯ ಸ್ಥಿತಿಯನ್ನು ನೆನೆಯಬೇಕು. ದೇಶವಿಭಜನೆಯ ಗಾಯ ಇನ್ನೂ ಮಾಗಿರಲಿಲ್ಲ. ಮನೆಮಠಗಳನ್ನು ಕಳೆದುಕೊಂಡು ಬಂದ ನಿರಾಶ್ರಿತರು ನಗರದ ತುಂಬ ಇದ್ದರು. ಗಣರಾಜ್ಯವಾಗಿ ಒಂದು ವರ್ಷ ಸಂದಿತ್ತಷ್ಟೆ. ಧಾನ್ಯದ ಅಭಾವ ದೇಶವನ್ನೆಲ್ಲ ಕಾಡುತ್ತಿತ್ತು. ಇಂತಹ ಮನೆಯಲ್ಲಿ ಔತಣವನ್ನೇರ್ಪಡಿಸುವುದು ಉಚಿತವೇ ಎಂಬ ಪ್ರಶ್ನೆ ಯಾರಿಗಾದರೂ ಏಳಬಹುದಾದದ್ದೇ. ಕಾರ್ಯವು ಮುಗ್ಗರಿಸಿ ಕೂಟವೇ ನಿಂತುಹೋಗುವುದೆಂಬ ಭಯ ಕವಿದಿದ್ದಾಗ ಅದರ ಹೊಣೆಯನ್ನು ಹೊತ್ತವರು ಆಂಟನಿ ಡಿ ಮೆಲ್ಲೊ. ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಲಿಯನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಜಾತ್ರೆಯ ಕಾಲದಲ್ಲಿ ದಾಸೋಹದ ಹೊಣೆ ಹೊತ್ತವರಿಗೆ ಈ ಕಷ್ಟದ ಸ್ವರೂಪ ತಿಳಿಯುತ್ತದೆ. ಉಗ್ರಾಣ ತುಂಬಿದ್ದಾಗ ಬಡಿಸುವುದು ಒಂದು ಬಗೆ, ಉಗ್ರಾಣವನ್ನು ತುಂಬುತ್ತಲೇ ಬಡಿಸುವುದು ಇನ್ನೊಂದು ಬಗೆ.

ದೆಹಲಿಯಲ್ಲಿ ಒಂದು ಕ್ರೀಡಾಂಗಣವು ಮೊದಲೇ ಇದ್ದುದು ಪುಣ್ಯ. 1933ರಲ್ಲಿ ಭಾವನಗರದ ಮಹಾರಾಜರ ಕೊಡುಗೆಯಿಂದ ಕಟ್ಟಲ್ಪಟ್ಟು ಇರ್ವಿನ್ ಹೆಸರನ್ನು ಹೊತ್ತಿದ್ದ ಆ ರಂಗಸ್ಥಳವನ್ನು ಸಜ್ಜುಗೊಳಿಸಿ ‘ನ್ಯಾಷನಲ್ ಸ್ಟೇಡಿಯಂ’ ಎಂದು ಕರೆಯಲಾಯಿತು. ಇಂದು ಅದಕ್ಕೆ ಹಾಕಿಯ ಮಹಾಪ್ರತಿಭೆ ಧ್ಯಾನಚಂದರ ಹೆಸರಿದೆ. ಒಬ್ಬ ದಾನಿಯ ಕಟ್ಟಡ ಹದಿನೆಂಟು ವರ್ಷಗಳ ಮೇಲೆ ಒಂದು ಖಂಡಕ್ಕೆಲ್ಲ ಅಂಗಳವಾದ ಬಗೆ ಇದು.

ಮಾರ್ಚ್ 4ರಂದು ರಾಷ್ಟ್ರಾಧ್ಯಕ್ಷ ಬಾಬು ರಾಜೇಂದ್ರಪ್ರಸಾದರು ಕೂಟವನ್ನು ಉದ್ಘಾಟಿಸಿದರು. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಭಾರತದ ಪರವಾಗಿ ಸ್ಪರ್ಧಿಸಿದ್ದ ದಲೀಪ್ ಸಿಂಗ್ ಅವರ ಕೈಯಲ್ಲಿ ಜ್ಯೋತಿಯು ಕ್ರೀಡಾಂಗಣವನ್ನು ಪ್ರವೇಶಿಸಿತು. ಪಂಡಿತ ನೆಹರೂ ಅವರು ಆಟವನ್ನು ಆಟದ ಭಾವದಿಂದಲೇ ಆಡಬೇಕೆಂದು ಸ್ಪರ್ಧಾಳುಗಳಿಗೆ ಸಂದೇಶವಿತ್ತರು. ಭಾರತ, ಜಪಾನ್, ಇರಾನ್, ಸಿಂಗಪುರ, ಫಿಲಿಪೈನ್ಸ್, ಸಿಂಹಳ, ಇಂಡೋನೇಷ್ಯ, ಬರ್ಮ, ಅಫಘಾನಿಸ್ತಾನ, ನೇಪಾಳ, ಥಾಯ್ಲೆಂಡ್ ಎಂಬ 11 ರಾಷ್ಟ್ರಗಳ 489 ಮಂದಿ ಸ್ಪರ್ಧಾಳುಗಳು ನೆರೆದಿದ್ದರು. ಪಾಕಿಸ್ತಾನ ಬರಲಿಲ್ಲ. ಚೀನದ ಕ್ರೀಡಾಳುಗಳು ಸ್ಪರ್ಧಿಸಲಿಲ್ಲ. ಕೊರಿಯದ ನೆಲದಲ್ಲಿ ಯುದ್ಧವೇ ನಡೆಯುತ್ತಿತ್ತು.

ಬಂದವರಲ್ಲಿ ಒಬ್ಬ ಅತಿಥಿಯ ವಿಷಯವನ್ನು ತುಸು ವಿಸ್ತಾರವಾಗಿ ಹೇಳಬೇಕು. ಅದು ಜಪಾನ್. ಎರಡನೆಯ ಮಹಾಯುದ್ಧದಲ್ಲಿ ಸೋತ ಜಪಾನಿಗೆ 1948ರ ಲಂಡನ್ ಒಲಿಂಪಿಕ್ಸಿಗೆ ಕರೆಯಿರಲಿಲ್ಲ. 1951ರ ಮಾರ್ಚಿನಲ್ಲಿಯೂ ಆ ದೇಶ ಪರರ ಸೇನೆಯ ಅಧೀನದಲ್ಲಿಯೇ ಇದ್ದಿತು. ಶಾಂತಿ ಒಪ್ಪಂದ ಜಾರಿಗೆ ಬಂದು ಅದಕ್ಕೆ ಸ್ವಾತಂತ್ರ್ಯ ಮರಳಿದ್ದು 1952ರ ಏಪ್ರಿಲಿನಲ್ಲಿ. ಯುದ್ಧಕಾಲದಲ್ಲಿ ಜಪಾನೀ ಸೇನೆಯಿಂದ ನೊಂದ ಫಿಲಿಪೈನ್ಸ್, ಬರ್ಮ, ಸಿಂಗಪುರ, ಇಂಡೋನೇಷ್ಯಗಳ ತರುಣರು ಅದೇ ಕೂಟಕ್ಕೆ ಬರುವವರಿದ್ದರು. ಇಂತಹವರನ್ನೆಲ್ಲ ಒಂದೇ ಪಂಕ್ತಿಯಲ್ಲಿ ಕೂರಿಸುವುದು ಸಾಮಾನ್ಯ ಸಾಹಸವಲ್ಲ. ಭಾರತ ಜಪಾನನ್ನು ಕರೆಯಿತು. ಅದಕ್ಕೆ ಒಂದೂವರೆ ವರ್ಷ ಮೊದಲು, 1949ರಲ್ಲಿ, ನೆಹರೂ ಅವರು ಟೋಕಿಯೋದ ಮಕ್ಕಳಿಗಾಗಿ ‘ಇಂದಿರಾ’ ಎಂಬ ಹೆಸರಿನ ಆನೆಯೊಂದನ್ನು ಕಳುಹಿಸಿಕೊಟ್ಟಿದ್ದರು. ಕೂಟ ಮುಗಿದ ಮರುವರ್ಷ, 1952ರ ಜೂನ್ ತಿಂಗಳಿನಲ್ಲಿ, ಭಾರತ ಜಪಾನಿನೊಂದಿಗೆ ತನ್ನದೇ ಆದ ಶಾಂತಿ ಒಪ್ಪಂದಕ್ಕೆ ಸಹಿಹಾಕಿತು. ಆ ಆನೆಗೂ ಈ ಒಪ್ಪಂದಕ್ಕೂ ನಡುವೆ ದೆಹಲಿಯ ಕ್ರೀಡಾಂಗಣವಿದೆ.

ಕನ್ನಡದಲ್ಲಿ ಇಂತಹ ಸಮಾರಂಭವನ್ನು ‘ಕ್ರೀಡಾಕೂಟ’ ಎನ್ನುವ ರೂಢಿ ಬಂದಿರುವುದು ಸೊಗಸಾಗಿದೆ. ಇಂಗ್ಲಿಷಿನವರ ಮಾತಿನಲ್ಲಿ ಆಟಗಳು ಮಾತ್ರ ಇವೆ. ನಮ್ಮ ಮಾತಿನಲ್ಲಿ ಕೂಡುವುದೂ ಇದೆ.

ಇನ್ನು ಫಲಿತಾಂಶ. ಅಥ್ಲೆಟಿಕ್ಸ್, ಈಜು ಮೊದಲಾದ ಜಲಕ್ರೀಡೆಗಳು, ಬ್ಯಾಸ್ಕೆಟ್‌ಬಾಲ್, ಸೈಕಲ್ ಪಂದ್ಯ, ಫುಟ್‌ಬಾಲ್, ಭಾರ ಎತ್ತುವ ಸ್ಪರ್ಧೆ ಎಂಬ ಆರು ವಿಭಾಗಗಳಲ್ಲಿ 57 ಚಿನ್ನದ ಪದಕಗಳಿದ್ದವು. ಕರೆಸಿಕೊಂಡ ಅತಿಥಿಯೇ ಮನೆಯವರನ್ನು ಸೋಲಿಸಿದನು! ಜಪಾನ್ 24 ಚಿನ್ನ, 21 ಬೆಳ್ಳಿ, 15 ಕಂಚಿನ ಪದಕಗಳೊಡನೆ ಮೊದಲಿಗನಾಯಿತು. ಭಾರತಕ್ಕೆ 15 ಚಿನ್ನ, 16 ಬೆಳ್ಳಿ, 20 ಕಂಚು ದೊರೆತು ಎರಡನೆಯ ಸ್ಥಾನ ಬಂದಿತು. ಇರಾನ್ 8 ಚಿನ್ನದ ಪದಕಗಳನ್ನು ಪಡೆಯಿತು. ಅವುಗಳಲ್ಲಿ ಹೆಚ್ಚಿನವು ಭಾರ ಎತ್ತುವ ಸ್ಪರ್ಧೆಯವು, ವಿಶ್ವವಿಜೇತ ಮಹಮೂದ್ ನಾಮ್ಜೂ ಅವರದೂ ಅವುಗಳಲ್ಲೊಂದು. ಸಿಂಗಪುರ ಮತ್ತು ಫಿಲಿಪೈನ್ಸ್ ತಲಾ 5 ಚಿನ್ನಗಳನ್ನು ಪಡೆದವು. ಸಿಂಗಪುರದ ಐದರಲ್ಲಿ ನಾಲ್ಕು ನಿಯೋ ಚ್ವೀ ಕಾಕ್ ಎಂಬ ಈಜುಗಾರನವು. ಬ್ಯಾಸ್ಕೆಟ್‌ಬಾಲಿನಲ್ಲಿ ಫಿಲಿಪೈನ್ಸ್ ತಂಡಕ್ಕೆ ಚಿನ್ನ, ಜಪಾನಿಗೆ ಬೆಳ್ಳಿ. ಸಿಂಹಳಕ್ಕೆ ಒಂದೇ ಬೆಳ್ಳಿ, ಇಂಡೋನೇಷ್ಯಕ್ಕೆ ಐದು ಕಂಚು, ಬರ್ಮಕ್ಕೆ ಮೂರು ಕಂಚು. ಉಳಿದ ಮೂರು ದೇಶಗಳು ಬರಿಗೈಯಲ್ಲಿ ಹಿಂದಿರುಗಿದವು.

ಭಾರತದ ಹದಿನೈದು ಚಿನ್ನಗಳಲ್ಲಿ ಹತ್ತು ಅಥ್ಲೆಟಿಕ್ಸಿನಲ್ಲಿ ಬಂದವು. ಮುಂಬಯಿಯ ಲೆವಿ ಪಿಂಟೊ 100 ಮೀಟರ್ ಹಾಗೂ 200 ಮೀಟರ್ ಓಟಗಳೆರಡರಲ್ಲೂ ಮೊದಲಿಗರಾದರು. ಪುರುಷರ 100 ಮೀಟರ್ ಓಟದಲ್ಲಿ ಏಷ್ಯಾ ಕ್ರೀಡಾಕೂಟದ ಚಿನ್ನವನ್ನು ಅವರ ತರುವಾಯ ಬೇರಾವ ಭಾರತೀಯನೂ ಗೆದ್ದಿಲ್ಲ. 800 ಮೀಟರಿನಲ್ಲಿ ರಂಜಿತ್ ಸಿಂಗ್, 1500 ಮೀಟರಿನಲ್ಲಿ ನಿಕ್ಕಾ ಸಿಂಗ್, ಮ್ಯಾರಥಾನಿನಲ್ಲಿ ಛೋಟಾ ಸಿಂಗ್, ನಡಿಗೆಯ ಸ್ಪರ್ಧೆಗಳಲ್ಲಿ ಮಹಾವೀರ ಪ್ರಸಾದ್ ಮತ್ತು ಬಖ್ತಾವರ್ ಸಿಂಗ್, ಗುಂಡು ಎಸೆತದಲ್ಲಿ ಮದನಲಾಲ್, ಚಕ್ರ ಎಸೆತದಲ್ಲಿ ಮಖನ್ ಸಿಂಗ್ ಗೆದ್ದರು. ನಾಲ್ವರು ತಲಾ 400 ಮೀಟರ್ ಓಡುವ ರಿಲೇ ಓಟವೂ ಭಾರತದ ಪಾಲಾಯಿತು. ಮಹಿಳೆಯರಿಗೆ ಸ್ಪರ್ಧೆಗಳಿದ್ದದ್ದು ಅಥ್ಲೆಟಿಕ್ಸಿನಲ್ಲಿ ಮಾತ್ರ. ಅಲ್ಲಿ ಜಪಾನಿನ ತೊಯೊಕೊ ಯೊಶಿನೊ ಗುಂಡು, ಚಕ್ರ, ಈಟಿ ಮೂರರ ಎಸೆತದಲ್ಲೂ ಅಗ್ರಸ್ಥಾನ ಪಡೆದರು. 100 ಮೀಟರಿನಲ್ಲಿ ನಮ್ಮ ರೋಶನ್ ಮಿಸ್ತ್ರಿ ಬೆಳ್ಳಿಯನ್ನು ತಂದರು.

ಈಜುಕೊಳದಿಂದ ಬಂದವು ನಾಲ್ಕು. ಡೈವಿಂಗಿನಲ್ಲಿ ಕೆ. ಪಿ. ಠಕ್ಕರ್ ಎರಡು, ವಾಟರ್‌ಪೋಲೊ ತಂಡದವರು ಒಂದು ಚಿನ್ನವನ್ನು ಗಳಿಸಿದರು. ನಾಲ್ಕನೆಯದು ಸಚಿನ್ ನಾಗ್ ಅವರದು. 100 ಮೀಟರ್ ಫ್ರೀಸ್ಟೈಲ್ ಈಜಿನಲ್ಲಿ ಗಳಿಸಿದ ಈ ಪದಕವೇ ಏಷ್ಯಾ ಕ್ರೀಡಾಕೂಟಗಳಲ್ಲಿ ಭಾರತದ ಮೊಟ್ಟಮೊದಲ ಚಿನ್ನವೆಂದು ಪ್ರಸಿದ್ಧವಾಗಿದೆ. ಕಾಶಿಯಲ್ಲಿ ಜನಿಸಿ ಕಲ್ಕತ್ತೆಯಲ್ಲಿ ಬೆಳಗಿದ ಈ ಈಜುಗಾರರಿಗೆ 1947ರ ಆಗಸ್ಟಿನ ಗಲಭೆಯಲ್ಲಿ ಕಾಲಿಗೆ ಗುಂಡೇಟು ತಗಲಿತ್ತು. ಆ ಕಾಲನ್ನೇ ಹುರಿಗೊಳಿಸಿಕೊಂಡು ಮರುವರ್ಷ ಲಂಡನ್ನಿಗೆ ಹೋದರು, ಅನಂತರ ದೆಹಲಿಯಲ್ಲಿ ಗೆದ್ದರು. ಅವರಿಗೆ ಧ್ಯಾನಚಂದ್ ಪ್ರಶಸ್ತಿ ಬಂದದ್ದು 2020ರಲ್ಲಿ, ಅವರು ಕಾಲವಾದ ಮೂವತ್ತಮೂರು ವರ್ಷಗಳ ಮೇಲೆ. ಈಜುವುದರಲ್ಲಿ ಕ್ಷಣಗಳನ್ನೆಣಿಸಿದವನಿಗೆ ಮನ್ನಣೆ ನೀಡಲು ದಶಕಗಳನ್ನೆಣಿಸಬೇಕಾಯಿತು.

ಹದಿನೈದನೆಯ ಚಿನ್ನ ಫುಟ್‌ಬಾಲಿನದು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಅವರ ಶಿಕ್ಷಣದಲ್ಲಿ, ಶೈಲೇನ್ ಮನ್ನಾ ಅವರ ನಾಯಕತ್ವದಲ್ಲಿ ಆಡಿದ ಆ ತಂಡದಲ್ಲಿ ಬೆಂಗಳೂರಿನ ಅಹಮದ್ ಖಾನ್ ಇದ್ದರೆಂಬುದು ಕನ್ನಡನಾಡಿಗೆ ಅಭಿಮಾನದ ಸಂಗತಿ. ಚೆಂಡನ್ನು ಬರಿಗಾಲಿನಲ್ಲಿ ಆಡಿಸುವ ರೂಢಿ ಆಗಿನ್ನೂ ನಮ್ಮವರಲ್ಲಿ ಬಿಟ್ಟುಹೋಗಿರಲಿಲ್ಲ. ಇಂಡೋನೇಷ್ಯವನ್ನೂ ಅಫಘಾನಿಸ್ತಾನವನ್ನೂ ಮೂರು ಮೂರು ಗೋಲುಗಳಿಂದ ಸೋಲಿಸಿದ ತಂಡವು ಅಂತಿಮ ಪಂದ್ಯದಲ್ಲಿ ಇರಾನನ್ನು ಎದುರಿಸಿತು. ಸಾಹು ಮೇವಾಲಾಲ್ ಹೊಡೆದ ಒಂದೇ ಗೋಲು ಪಂದ್ಯವನ್ನು ನಿರ್ಣಯಿಸಿತು. ಮರುವರ್ಷ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದ ಎದುರು 1–10ರಿಂದ ಸೋತ ಮೇಲೆ ಬೂಟು ಕಡ್ಡಾಯವಾಯಿತು.

ಆತಿಥ್ಯವೆಂಬುದು ತಾನಾಗಿ ಪರಂಪರೆಯಾಗಿ ಮುಂದುವರಿಯುವುದಿಲ್ಲ, ಪ್ರತಿಯೊಬ್ಬ ಆತಿಥೇಯನೂ ಹೊಸದಾಗಿ ಅದನ್ನು ನಡೆಸಬೇಕಾಗುತ್ತದೆ. 1962ರಲ್ಲಿ ನಾಲ್ಕನೆಯ ಕೂಟವನ್ನು ಜಕಾರ್ತದಲ್ಲಿ ನಡೆಸಿದ ಇಂಡೋನೇಷ್ಯವು ರಾಜಕೀಯ ಕಾರಣಗಳಿಂದ ಇಸ್ರೇಲ್ ಮತ್ತು ತೈವಾನ್ ಕ್ರೀಡಾಳುಗಳಿಗೆ ಪ್ರವೇಶ ಕೊಡಲಿಲ್ಲ. ಒಕ್ಕೂಟದ ಸದಸ್ಯರನ್ನೇ ಹೊರಗಿರಿಸಿದ ಕೂಟವನ್ನು ಏಷ್ಯಾ ಕ್ರೀಡಾಕೂಟವೆಂದು ಕರೆಯಲಾಗದೆಂದು ವಾದಿಸಿದವರು ಅದೇ ಸೋಂಧಿಯವರು. ತಾವು ಹೆತ್ತ ಕೂಸಿಗೆ ಆ ಹೆಸರು ಸಲ್ಲದೆಂದು ತಾವೇ ಹೇಳಬೇಕಾಗಿ ಬಂದ ಆ ವೃದ್ಧರ ಸಂಕಟ ಎಂತಹುದಿರಬಹುದು! ಉದ್ರಿಕ್ತರಾದ ಜನರು ಭಾರತದ ರಾಯಭಾರ ಕಚೇರಿಗೆ ನುಗ್ಗಿ ಧ್ವಂಸ ಮಾಡಿದರು. ಸೋಂಧಿಯವರು ಆ ಊರನ್ನೇ ಬಿಟ್ಟು ಹೊರಡಬೇಕಾಯಿತು. ಕೂಗಾಟದ ನಡುವೆಯೇ ರಹೀಮರ ಶಿಷ್ಯರು ಅಂತಿಮ ಪಂದ್ಯದಲ್ಲಿ ದಕ್ಷಿಣ ಕೊರಿಯವನ್ನು 2–1ರಿಂದ ಗೆದ್ದು ಮತ್ತೊಮ್ಮೆ ಚಿನ್ನ ತಂದರು. ಅದಾದಮೇಲೆ ಏಷ್ಯಾ ಕೂಟದ ಫುಟ್‌ಬಾಲ್ ಚಿನ್ನ ನಮಗೆ ದೊರೆತಿಲ್ಲ. ಸೋಂಧಿಯವರು 1966ರಲ್ಲಿ ತೀರಿಕೊಂಡರು.

ಕೂಟವು ದೆಹಲಿಗೆ ಮರಳಿದ್ದು 1982ರ ನವೆಂಬರಿನಲ್ಲಿ. ಆಗ 33 ರಾಷ್ಟ್ರಗಳು ಬಂದಿದ್ದವು. ಜವಾಹರಲಾಲ್ ನೆಹರೂ ಹೆಸರಿನ ಹೊಸ ಕ್ರೀಡಾಂಗಣ ಎದ್ದಿತ್ತು, ಅಪ್ಪು ಎಂಬ ಆನೆಮರಿ ಕೂಟದ ಲಾಂಛನವಾಗಿತ್ತು. 1951ರಿಂದ 1978ರವರೆಗೆ ಎಂಟು ಕೂಟಗಳಲ್ಲಿ ಸತತವಾಗಿ ಮೊದಲ ಸ್ಥಾನದಲ್ಲಿದ್ದ ಜಪಾನ್, ಆ ಸ್ಥಾನವನ್ನು ತಾನು ಮೊದಲು ಪಡೆದ ನಗರದಲ್ಲಿಯೇ ಬಿಟ್ಟುಕೊಟ್ಟಿತು. ಚೀನಕ್ಕೆ 61, ಜಪಾನಿಗೆ 57 ಚಿನ್ನ. ಭಾರತಕ್ಕೆ 13 ಚಿನ್ನದೊಡನೆ ಐದನೆಯ ಸ್ಥಾನ ಬಂದಿತು. 1951ರ ಹದಿನೈದು ಚಿನ್ನಗಳ ಸಂಖ್ಯೆಯನ್ನು ಮುಟ್ಟಲು ಭಾರತ 2018ರವರೆಗೆ ಕಾಯಬೇಕಾಯಿತು, ಅದೂ ಜಕಾರ್ತದಲ್ಲಿ. 2023ರಲ್ಲಿ ಚೀನದ ಹಾಂಗ್‌ಚೌ ನಗರದಲ್ಲಿ ನಡೆದ ಕೂಟದಲ್ಲಿ 28 ಚಿನ್ನ ಸೇರಿ 107 ಪದಕಗಳು ಬಂದವು. ಆದರೆ ಹನ್ನೊಂದು ರಾಷ್ಟ್ರಗಳ ನಡುವೆ ಅಂದು ದೊರೆತ ಎರಡನೆಯ ಸ್ಥಾನವು ಮತ್ತೆ ಬಂದಿಲ್ಲ.